ಬಾಳೆ ಎಲೆಯ ಸಿಟ್ಟು

ಬೆಳಿಗ್ಗೆ ಎದ್ದವಳೇ ಬಾವಿಯ ಪಂಪು ಹಾಕಿ ಮರೆತೆ, ಟ್ಯಾಂಕು ತುಂಬಿ ನೀರು ಅಂಗಳಕ್ಕೆ ಸುರಿಯುವ ಸದ್ದು ಕೇಳಿ ಓಡಿಹೋಗಿ ನಿಲ್ಲಿಸಿದೆ. ಇವರಿಗೆ ಬುತ್ತಿ ಕಟ್ಟಿಕೊಟ್ಟೆ. ಒಗೆದ ಬಟ್ಟೆಯನ್ನು ಬಿಸಿಲಿಗೆ ಹರವಿ, ಮೋಡ ಕಂಡು ಎತ್ತಿಟ್ಟು, ಮತ್ತೆ ಬಿಸಿಲು ಬಂತೆಂದು ಹರವಿದೆ. ಬ್ರಹ್ಮಾವರದ ಪೇಟೆಗೆ ಹೋಗಿ ಮಿಕ್ಸಿಯ ಜಾರಿಗೆ ಹೊಸ ಬ್ಲೇಡು ಹಾಕಿಸಿಕೊಂಡು, ಬರುವಾಗ ಒಂದು ಕಟ್ಟು ಬಸಳೆ ತಂದೆ. ಹುಣಸೆಹಣ್ಣಿನ ಬೀಜ ಬಿಡಿಸಿ ಉಪ್ಪು ಹಾಕಿ ಭರಣಿಗೆ ತುಂಬಿದೆ. ಬಸಳೆ ದಂಟು ಕತ್ತರಿಸುತ್ತ ಕೂತಾಗ ಮಗಳು ಶ್ರಾವ್ಯ ಮೊಬೈಲು ಹಿಡಿದುಕೊಂಡು ಬಂದು ಎದುರಿಗೆ ಕೂತಳು. ಅವಳು ಡಿಗ್ರಿ ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ. ಅದರಲ್ಲಿ ಇಂಗ್ಲಿಷಿಗೂ ಅಂಕವಿದೆಯಂತೆ. ದಿನಕ್ಕೊಂದಿಷ್ಟು ಶಬ್ದಗಳನ್ನು ಅವಳು ನನ್ನೆದುರು ಗಟ್ಟಿಯಾಗಿ ಹೇಳಬೇಕು, ನಾನು ಹೂಂಗುಟ್ಟಬೇಕು. ಇವತ್ತಿನ ಪಾಠದಲ್ಲಿ ಇದ್ದದ್ದೆಲ್ಲ ಸಿಟ್ಟಿನ ಶಬ್ದಗಳು. ಆ್ಯಂಗರ್, ರೇಜ್, ಫ್ಯೂರಿ, ರಾಥ್, ಇಂಡಿಗ್ನೇಶನ್, ಲಿವಿಡ್. ಓದುತ್ತ ಓದುತ್ತ ಅವಳಿಗೇ ಸಿಟ್ಟು ಬಂತು.

"ಅಮ್ಮ, ಯಾವ್ದ್ ಒತ್ತಿರೂ ಈ ಮೊಬೈಲ್ ಕೋಪ ಅಂದೇ ತೋರ್ಸ್ತಿತ್ತ್. ಎಲ್ಲ ಒಂದೇ ಆರೆ ಇಷ್ಟ್ ಶಬ್ದ ಎಂತಕ್ ಮಾಡ್ಕಂಡದ್ ಅವ್ರ್?"

"ಎಲ್ಲ ಸಿಟ್ಟ್ ಒಂದೇ ಆತ್ತಾ? ಲಿವಿಡ್ ಅಂದ್ರೆ ಮುಖದ್ ಬಣ್ಣ ಹೋಪುದ್. ಗಾಳಿಮಳೆ ಬಪ್ಪಕಿಂತ ಮುಂಚೆ ಸಮುದ್ರ ಇರ್ತಿತ್ತಲ್ಲ, ಆ ಬಣ್ಣ ಬಪ್ಪುದ್."

ಅವಳು ಮೊಬೈಲು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಕನ್ನಡ ಮೀಡಿಯಂನಂಗೆ ಇದೆಲ್ಲ ಕಲ್ಸ್ತಿದ್ರಾ? ಯಾರ್ ಹೇಳ್ಕೊಟ್ಟದ್ ನಿಂಗೆ?"

ಹೇಳಿಕೊಟ್ಟವಳು ಚಿಕ್ಕಮ್ಮ. ಬೊಂಬಾಯಿಯ ಚಿಕ್ಕಮ್ಮ. ಮಗಳಿಗೆ ಅಷ್ಟೇ ಹೇಳಿ ಬಸಳೆಯನ್ನು ಒಲೆಯ ಮೇಲಿಟ್ಟೆ. ಆದರೆ ಮನಸ್ಸು ಮಾತ್ರ ಬೈಂದೂರು ದಾಟಿ, ಶಿರೂರು ಸಿಗುವ ಮೊದಲು ಹೆದ್ದಾರಿಯಿಂದ ಕಡಲ ಕಡೆಗೆ ಇಳಿದು, ನಾನು ಹುಟ್ಟಿ ಬೆಳೆದ ಮನೆಯ ಹಿಂದಿನ ಜಗಲಿಯಲ್ಲಿ ಹೋಗಿ ಕೂತುಬಿಟ್ಟಿತು.

ಆ ಮನೆಗೆ ಚಾವಡಿಯೊಂದೇ ಸ್ವಲ್ಪ ದೊಡ್ಡದು. ಅದರ ಅರ್ಧವನ್ನು ಬಲೆಗಳು ತಿನ್ನುತ್ತಿದ್ದವು. ಮಳೆ ಹಿಡಿದು ದೋಣಿಗಳನ್ನು ಮೇಲೆಳೆದು ತೆಂಗಿನ ಮಡಲು ಹೊದಿಸಿದ ಮೇಲೆ ಅಪ್ಪಯ್ಯ ಅಲ್ಲೇ ಕಾಲು ಚಾಚಿ ಕೂತು, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಹರಿದಲ್ಲೆಲ್ಲ ಹೆಣೆಯುತ್ತಿದ್ದರು. ಚಾವಡಿ ದಾಟಿದರೆ ಹಗಲೂ ಕತ್ತಲೆಯಿರುವ ನಡುವಿನ ಕೋಣೆ. ಅಕ್ಕಿ, ಒಣಮೀನು, ಅಜ್ಜಿಯ ಹಾಸಿಗೆ ಎಲ್ಲ ಅಲ್ಲೇ, ಹಾಗಾಗಿ ಅಜ್ಜಿಯ ಸೆರಗಿಗೆ ಯಾವಾಗಲೂ ಒಣ ಚಟ್ಲಿಯ, ಅಂದರೆ ಸಿಗಡಿಯ, ವಾಸನೆ. ಅದರಾಚೆ ಅಡುಗೆಮನೆ, ಅದರಾಚೆ ಹಿಂದಿನ ಜಗಲಿ, ಬಚ್ಚಲು, ಬಚ್ಚಲ ನೀರು ಹರಿಯುವಲ್ಲಿ ಬಾಳೆಗಿಡಗಳ ಗುಂಪು. ಮನೆಯಲ್ಲಿದ್ದವರು ಅಪ್ಪಯ್ಯ, ಅಪ್ಪಯ್ಯನ ಅಮ್ಮನಾದ ಅಜ್ಜಿ, ನಾನು, ಇನ್ನೂ ನಡೆಯಲು ಕಲಿಯುತ್ತಿದ್ದ ನನ್ನ ತಮ್ಮ, ಮತ್ತು ಅಬ್ಬಿ. ನಮ್ಮ ಕಡೆ ಆಗ ಅಮ್ಮನನ್ನು ಅಬ್ಬಿ ಎಂದೇ ಕರೆಯುವುದು. ಅಬ್ಬಿ ಮೀನಿನ ಬುಟ್ಟಿ ಹೊತ್ತು ಶಿರೂರಿನ ಮನೆಮನೆಗೆ ಹೋಗಿ ಮಾರಿ ಬರುತ್ತಿದ್ದಳು. ಮಳೆಗಾಲದಲ್ಲಿ ಹಸಿಮೀನಿನ ಬದಲು ಒಣಮೀನು, ಬುಟ್ಟಿಯ ಮೇಲೊಂದು ಪ್ಲಾಸ್ಟಿಕ್ಕು, ಅಷ್ಟೇ ವ್ಯತ್ಯಾಸ.

ಗಂಡಸರು ಮನೆಯಲ್ಲಿರುವ ಆ ತಿಂಗಳುಗಳಲ್ಲಿ ಮನೆಯಲ್ಲಿ ಸಿಟ್ಟು ಜಾಸ್ತಿ. ಅಪ್ಪಯ್ಯನ ಸಿಟ್ಟನ್ನು ಕಿವಿ ಕೇಳದವರೂ ತಿಳಿಯಬಹುದಿತ್ತು. ಕೈಯಲ್ಲಿದ್ದ ನೀರಿನ ಚೊಂಬು ಅಂಗಳಕ್ಕೆ ಹಾರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರೇ ಇಳಿದುಹೋಗಿ ಅದನ್ನು ಹೆಕ್ಕಿ, ನಗ್ಗಿದ್ದನ್ನು ಕಲ್ಲಿನಿಂದ ಕುಟ್ಟಿ ಸರಿಮಾಡುತ್ತಿದ್ದರು. ನಮ್ಮ ಮನೆಯ ಚೊಂಬುಗಳು ಯಾವುವೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಜ್ಜಿಯದು ನಿಲ್ಲದ ಪಿರಿಪಿರಿ. ಕೋಳಿಯ ಮೇಲೆ, ಸೋರುವ ಹಂಚಿನ ಮೇಲೆ, ಹೊತ್ತಿಗೆ ಸರಿಯಾಗಿ ಬಾರದ ಬಸ್ಸಿನ ಮೇಲೆ, ಕೊನೆಗೆ ತನ್ನ ಮಂಡಿಯ ಮೇಲೆ. ಅಬ್ಬಿಯ ಸಿಟ್ಟಿಗೆ ಸದ್ದೇ ಇಲ್ಲ. ಅವಳು ಬಯ್ಯುವುದಿಲ್ಲ, ಅಳುವುದಿಲ್ಲ, ತವರಿಗೆ ಹೋಗುವುದಿಲ್ಲ. ಹಿಂದೆ ಹೋಗಿ ಒಂದು ಬಾಳೆ ಎಲೆ ಕೊಯ್ದುಕೊಂಡು ಬರುತ್ತಿದ್ದಳು. ದಿನಾ ನಾವೆಲ್ಲ ಉಣ್ಣುವುದು ಅಲ್ಯುಮಿನಿಯಂ ಬಟ್ಟಲಲ್ಲಿ. ಎಲೆ ಹಾಕುವುದು ನೆಂಟರಿಗೆ. ಅಪ್ಪಯ್ಯನ ಮೇಲೆ ಸಿಟ್ಟು ಬಂದ ದಿನ ಅಬ್ಬಿ ಅವರನ್ನು ನೆಂಟರ ಹಾಗೆ ಕೂರಿಸಿ, ಎಲೆ ಹಾಕಿ, ನೀರು ಚಿಮುಕಿಸಿ, ಮೀನಿನ ಒಳ್ಳೆಯ ನಡುತುಂಡನ್ನೇ ಬಡಿಸಿ, ಪಕ್ಕದಲ್ಲಿ ನಿಂತು "ಇನ್ನೊಂಚೂರ್ ಹಾಕ್ಲಾ?" ಎಂದು ಕೇಳುತ್ತಿದ್ದಳು. ಎಲೆ ಕಂಡ ಕೂಡಲೆ ಅಪ್ಪಯ್ಯ ತುತ್ತು ನಿಧಾನ ಮಾಡುತ್ತಿದ್ದರು. ಉಂಡು ಮುಗಿಸುವಷ್ಟರಲ್ಲಿ ತಾನು ಏನು ತಪ್ಪು ಮಾಡಿದೆ ಎಂದು ಅವರು ಹುಡುಕಿಕೊಳ್ಳಬೇಕಿತ್ತು. ಒಮ್ಮೊಮ್ಮೆ ತಿಳಿಯದೆ ನನ್ನನ್ನು ಕರೆದು ಪಿಸುಗುಟ್ಟುತ್ತಿದ್ದರು.

"ಹೆಣೆ, ಸಿಟ್ಟ್ ಎಂತಕಂಬ್ರ್? ಅಬ್ಬಿ ನಿಂಗ್ ಎಂತಾರೂ ಹೇಳ್ತಾ?"

ನನಗೂ ಗೊತ್ತಿರುತ್ತಿರಲಿಲ್ಲ. ಬಟ್ಟಲು ಮತ್ತೆ ಬಂದ ದಿನ ಎಲ್ಲ ಸರಿಯಾಯಿತೆಂದು ತಿಳಿದುಕೊಳ್ಳಬೇಕು, ಅಷ್ಟೆ.

ನಾನು ಹೇಳಹೊರಟದ್ದು ಒಂದು ಮಳೆಗಾಲದ ಶುರುವಿನ ಸಂಗತಿ. ಅಪ್ಪಯ್ಯನ ತಮ್ಮ, ನನ್ನ ಚಿಕ್ಕಪ್ಪ, ಬೊಂಬಾಯಿಯ ಒಂದು ಆಫೀಸಿನಲ್ಲಿ ಕ್ಯಾಂಟೀನು ನೋಡಿಕೊಳ್ಳುತ್ತಿದ್ದರು. ಚಿಕ್ಕಮ್ಮ ನಮ್ಮ ಊರಿನವರ ಮಗಳೇ ಆದರೂ ಹುಟ್ಟಿ ಓದಿದ್ದೆಲ್ಲ ಅಲ್ಲೇ. ಟೈಪಿಸ್ಟ್ ಕೆಲಸ, ಇಂಗ್ಲಿಷು ಅವಳಿಗೆ ನೀರು ಕುಡಿದಷ್ಟು ಸಲೀಸು. ಮಕ್ಕಳಿರಲಿಲ್ಲ. ಆ ವರ್ಷ ರಜೆಗೆ ಬಂದ ಇಬ್ಬರೂ ಮಳೆ ಹಿಡಿಯುವವರೆಗೆ ಉಳಿದರು. ಮಧ್ಯಾಹ್ನ ಉಂಡಾದ ಮೇಲೆ ಚಿಕ್ಕಮ್ಮ ಹಿಂದಿನ ಜಗಲಿಯಲ್ಲಿ ನನ್ನನ್ನು ಕಾಲ ನಡುವೆ ಕೂರಿಸಿಕೊಂಡು ಹೇನು ತೆಗೆಯುತ್ತಿದ್ದಳು, ಒಂದೊಂದು ಹೇನಿಗೆ ಒಂದೊಂದು ಇಂಗ್ಲಿಷ್ ಶಬ್ದ ಹೇಳಿಕೊಡುತ್ತಿದ್ದಳು. ಮೊದಲು ಹಣ್ಣು, ಬಣ್ಣ, ಕೈಕಾಲು. ಒಂದು ದಿನ ಚಾವಡಿಯಿಂದ ಚೊಂಬು ಹಾರಿ ಅಂಗಳಕ್ಕೆ ಬಿತ್ತು. ಚಿಕ್ಕಮ್ಮ ನಕ್ಕಳು.

"ಅರೆ, ನಿನ್ ಅಪ್ಪಯ್ಯ ಫ್ಯೂರಿಯಸ್!"

"ಹಂಗಂದ್ರೆ ಎಂತ ಚಿಕ್ಕಮ್ಮ?"

"ಗಾಳಿ ಬಂದ್ ಹಾಂಗೆ. ಜೋರ್ ಬತ್ತ್, ಹೋತ್. ಅಜ್ಜಿಗ್ ಬಪ್ಪುದ್ ಕಾಣ್, ಅದ್ ಆ್ಯನಾಯ್ಡ್. ಸೊಳ್ಳಿ ಕಿವಿ ಹತ್ರ ಹಾಡಿದ್ರ್ ಹಾಂಗೆ."

ನನಗೆ ಆ ಆಟ ಹಿಡಿಸಿತು. ಸಿಟ್ಟಿಗೆ ಇಷ್ಟು ಹೆಸರುಗಳಿವೆಯೆಂದೇ ನನಗೆ ಗೊತ್ತಿರಲಿಲ್ಲ. ರೇಜ್ ಎಂದರೆ ತನ್ನ ಕೈ ಏನು ಮಾಡುತ್ತಿದೆಯೆಂದು ತನಗೇ ತಿಳಿಯದ ಸಿಟ್ಟು, ಅದು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಎಂದಳು ಚಿಕ್ಕಮ್ಮ. ರಾಥ್ ಎಂದರೆ ದೊಡ್ಡವರದು, ತಡವಾಗಿ ಬಂದು ಶಿಕ್ಷೆ ಕೊಟ್ಟೇ ಹೋಗುವಂಥದು. ಅದು ನನಗೆ ಚೆನ್ನಾಗಿ ಅರ್ಥವಾಯಿತು. ಮನೆಯ ದೈವ ಮುನಿಸಿಕೊಂಡಿದೆ ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಅದೇ. ಇಂಡಿಗ್ನೇಶನ್ ಎಂಬಲ್ಲಿಗೆ ಬಂದಾಗ ಮಾತ್ರ ಚಿಕ್ಕಮ್ಮನ ಕೈ ನನ್ನ ತಲೆಯ ಮೇಲೆ ನಿಂತಿತು.

"ಅದ್ ಹ್ಯಾಂಗ್ ಹೇಳೂದ್... ಮರ್ಯಾದಿ ಹೋದಾಗ ಬಪ್ಪುದ್. ಅಲ್ಲ, ಅಲ್ಲ. ಇದ್ ನ್ಯಾಯ ಅಲ್ಲ ಅಂದ್ ಕಂಡ್ರೆ ಬಪ್ಪುದ್. ಬಿಡ್, ಅದ್ ನೀ ದೊಡ್ಡ ಆಯಿ ಕಲಿ."

"ಅಬ್ಬಿದ್ ಯಾವ್ದ್?"

"ಅಕ್ಕಂಗೆ ಸಿಟ್ಟೇ ಇಲ್ಲೆ ಅಲೆ ಮಾರಾಯ್ತಿ! ನಾ ಬಂದಲ್ಲಿಂದ ಒಂದ್ ದಿನ ಕಾಣ್ಲಿಲ್ಲೆ."

ಮರುದಿನವೋ ಅದರ ಮರುದಿನವೋ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪಯ್ಯ ನನ್ನ ಮಾತು ತೆಗೆದರು. ಅಬ್ಬಿ ಆಗಷ್ಟೇ ಶಿರೂರಿನಿಂದ ಬಂದು, ಬುಟ್ಟಿ ಇಳಿಸಿ, ತಲೆಗೆ ಸುತ್ತಿಕೊಂಡಿದ್ದ ಬಟ್ಟೆಯನ್ನೂ ಬಿಚ್ಚದೆ ಗಂಜಿ ಬಡಿಸುತ್ತಿದ್ದಳು. ಅಪ್ಪಯ್ಯ ಚಿಕ್ಕಪ್ಪನಿಗೆ ಹೇಳಿದರು.

"ಈ ಹೆಣ್ ಈ ಸಲ ನಿಮ್ ಒಟ್ಟಿಗೇ ಬರ್ಲಿ. ಅಲ್ಲೇ ಶಾಲಿಗ್ ಹಾಕಿ. ಇಂಗ್ಲೀಷ್ ಕಲ್ತ್ ಒಂದ್ ಕೆಲ್ಸ ಹಿಡ್ದ್ರೆ ಸಾಕ್. ಇದ್ರ್ ಅಬ್ಬಿ ಹಾಂಗೆ ಬುಟ್ಟಿ ಹೊರೂದ್ ಬ್ಯಾಡ."

ಚಿಕ್ಕಪ್ಪ ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮನ ಕಣ್ಣು ತುಂಬಿಬಂತು. ಅವರಿಬ್ಬರೂ ಇದನ್ನು ಮೊದಲೇ ಕೇಳಿದ್ದರೋ, ಅಪ್ಪಯ್ಯನಿಗೇ ಹೊಳೆದದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿ "ಒಳ್ಳೇದಾಯ್ಲಿ" ಅಂದಳು. ಅಬ್ಬಿ ಗಂಜಿಯ ಸೌಟನ್ನು ಪಾತ್ರೆಯೊಳಗೆ ಬಿಟ್ಟು, ತಲೆಯ ಬಟ್ಟೆ ಬಿಚ್ಚಿ ಒದರಿ, ಒಳಗೆ ಹೋದಳು.

ಆ ರಾತ್ರಿ ನಮಗೆ ಬಟ್ಟಲುಗಳೇ ಬಂದವು. ಮರುದಿನ ಬೆಳಿಗ್ಗೆ ಅಬ್ಬಿ ಬಾಳೆಗಿಡಗಳ ಹತ್ತಿರ ಹೋದಳು. ಒಂದು ಎಲೆಯಲ್ಲ, ಒಂದು ತೋಳಿಗಾಗುವಷ್ಟು ಎಲೆ ತಂದಳು. ಮಧ್ಯಾಹ್ನ ಚಾವಡಿಯಲ್ಲಿ ಎಲ್ಲರಿಗೂ ಎಲೆ ಹಾಕಿದಳು. ಚಿಕ್ಕಪ್ಪನಿಗೆ, ಚಿಕ್ಕಮ್ಮನಿಗೆ, ಅಪ್ಪಯ್ಯನಿಗೆ, ಅಜ್ಜಿಗೆ. ಕೊನೆಗೆ ನನ್ನ ಮುಂದೆಯೂ ಒಂದು ಎಲೆ ಹಾಕಿ, ನೀರು ಚಿಮುಕಿಸಿದಳು. ನನ್ನ ಮುಂದೆ ಎಲೆ ಬಿದ್ದದ್ದು ಅದೇ ಮೊದಲು. ನಾನು ಅದನ್ನು ಮುಟ್ಟದೆ ಕೂತೆ. ಅಬ್ಬಿಗೆ ನನ್ನ ಮೇಲೆ ಸಿಟ್ಟೇ? ನಾನೇನು ಮಾಡಿದೆ? ಅಥವಾ ನಾನೂ ಇನ್ನು ಮುಂದೆ ಈ ಮನೆಗೆ ನೆಂಟಳು ಎಂದು ಅರ್ಥವೇ? ಸಿಟ್ಟಿನ ಎಲೆಗೂ ನೆಂಟರ ಎಲೆಗೂ ನೋಡಲಿಕ್ಕೆ ಏನೂ ವ್ಯತ್ಯಾಸವಿರಲಿಲ್ಲ. ಅಪ್ಪಯ್ಯನ ಕಡೆ ನೋಡಿದೆ. ಅವರೂ ತಮ್ಮ ಎಲೆಯನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ನೆಂಟರಿರುವಾಗ ಆ ಎಲೆ ತನ್ನ ಮೇಲಿನ ಸಿಟ್ಟಿನದೋ ನೆಂಟರ ಸಾಲಿನದೋ ಎಂದು ಅವರಿಗೂ ತಿಳಿದಿರಲಿಕ್ಕಿಲ್ಲ.

ಅಂದಿನಿಂದ ದಿನಾ ಎಲೆಯೇ. ಅಬ್ಬಿ ಶಿರೂರಿಗೆ ಹೋಗುವುದನ್ನು ಬಿಟ್ಟಳು. ಒಲೆಯ ಮುಂದೆಯೇ ಇದ್ದಳು. ಒಂದು ದಿನ ಪತ್ರೊಡೆ, ಒಂದು ದಿನ ಚಟ್ಲಿ ಸುಕ್ಕ, ಒಂದು ದಿನ ಬೆಲ್ಲದ ಹಾಲ್ಬಾಯಿ. ನನಗೆ ಇಷ್ಟವೆಂದು ನಾನು ಯಾವತ್ತೋ ಹೇಳಿ ಮರೆತದ್ದೆಲ್ಲ ಒಂದೊಂದಾಗಿ ಎಲೆಗೆ ಬಂತು. ಅಪ್ಪಯ್ಯನ ಕೈಯಿಂದ ಚೊಂಬು ಹಾರುವುದು ನಿಂತಿತು. ಬಲೆ ಹೆಣೆಯುತ್ತ ಕೂತವರು ಆಗಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಏನೋ ಹೇಳಲು ಬಾಯಿ ತೆರೆದು, "ನೀರ್ ಕೊಡ್" ಎಂದು ಕೇಳಿ ಕುಡಿದು ಹೋಗುತ್ತಿದ್ದರು. ಚಿಕ್ಕಮ್ಮನಿಗೆ ಮಾತ್ರ ಸಂಶಯವೇ ಬರಲಿಲ್ಲ.

"ಅಕ್ಕ ಎಷ್ಟ್ ಖುಷಿಲಿ ಮಾಡಿ ಹಾಕ್ತಿತ್ತ್ ಕಾಣ್. ನಂಗ್ ಎಷ್ಟ್ ಹೆದ್ರಿಕೆ ಇದ್ದಿತ್ತ್ ಗೊತ್ತಿತ್ತಾ?"

"ಅಬ್ಬಿಗ್ ಸಿಟ್ಟ್ ಬಂದಿರ್ಕ್ ಚಿಕ್ಕಮ್ಮ."

"ಹುಚ್ಚಿ! ಸಿಟ್ಟ್ ಬಂದಾರ್ ಯಾರಾರೂ ಹಾಲ್ಬಾಯ್ ಕಾಸ್ತ್ರಾ?"

ಅಜ್ಜಿಯ ಲೆಕ್ಕವೇ ಬೇರೆ. ಹೆಣ್ಣು ದೂರ ಹೋಗುತ್ತದೆ, ಹೆತ್ತವಳು ಉಣಿಸಿ ಕಳಿಸುತ್ತಾಳೆ, ಅದರಲ್ಲೇನಿದೆ? ನನಗೆ ಅಜ್ಜಿ ಹೇಳಿದ್ದೂ ಸರಿ ಅನಿಸುತ್ತಿತ್ತು, ಚಿಕ್ಕಮ್ಮ ಹೇಳಿದ್ದೂ ಸರಿ ಅನಿಸುತ್ತಿತ್ತು. ಹಾಸಿಗೆಯಲ್ಲಿ ಮಲಗಿ ಕಲಿತ ಶಬ್ದಗಳನ್ನೆಲ್ಲ ಒಂದೊಂದಾಗಿ ಅಬ್ಬಿಯ ಮುಖಕ್ಕೆ ಹಿಡಿದು ನೋಡುತ್ತಿದ್ದೆ. ಫ್ಯೂರಿಯಸ್ ಅಲ್ಲ, ಗಾಳಿಯಿಲ್ಲ. ಆ್ಯನಾಯ್ಡ್ ಅಲ್ಲ, ಪಿರಿಪಿರಿಯಿಲ್ಲ. ಲಿವಿಡ್ ಅಲ್ಲ, ಒಲೆಯ ಬೆಂಕಿಗೆ ಮುಖ ಕೆಂಪಾಗಿಯೇ ಇದೆ. ಯಾವುದೂ ಹಿಡಿಯುತ್ತಿರಲಿಲ್ಲ. ನನಗೆ ತಿಳಿಯಬೇಕಾದದ್ದು ಒಂದೇ. ಅಬ್ಬಿಗೆ ನಾನು ಹೋಗಬೇಕೋ, ಹೋಗಬಾರದೋ. ಅದು ತಿಳಿದರೆ ನನ್ನ ಮನಸ್ಸನ್ನು ಒಂದು ಕಡೆ ಇಡಬಹುದು. ಬೊಂಬಾಯಿಯಲ್ಲಿ ಎರಡು ಮಾಳಿಗೆಯ ಬಸ್ಸಿದೆಯೆಂದು ಚಿಕ್ಕಮ್ಮ ಹೇಳಿದ್ದಳು, ಅದನ್ನು ಹತ್ತಬೇಕೆಂಬ ಆಸೆ ನನಗಿತ್ತು. ರಾತ್ರಿ ಅಬ್ಬಿಯ ಪಕ್ಕ ಮಲಗದೆ ನಿದ್ದೆ ಬರುವುದು ಹೇಗೆ ಎಂಬ ಹೆದರಿಕೆಯೂ ಇತ್ತು. ಅಬ್ಬಿಯ ಹತ್ತಿರವೇ ಕೇಳಬಹುದಿತ್ತಲ್ಲ ಎಂದು ಈಗ ಅನಿಸುತ್ತದೆ. ಆದರೆ ನಮ್ಮ ಮನೆಯಲ್ಲಿ ಅಬ್ಬಿಯ ಸಿಟ್ಟನ್ನು ಯಾರೂ ಬಾಯಿಬಿಟ್ಟು ಕೇಳಿದ ರೂಢಿಯಿರಲಿಲ್ಲ. ಉಂಡು ತಿಳಿಯಬೇಕಿತ್ತು.

ಹೊರಡುವ ದಿನ ಬಂತು. ಬೊಂಬಾಯಿಯ ಬಸ್ಸು ಮಧ್ಯಾಹ್ನ ಕಳೆದ ಮೇಲೆ ಬೈಂದೂರಿಗೆ ಬರುತ್ತದೆ, ಅದಕ್ಕಿಂತ ಮೊದಲು ನಾವು ಹೆದ್ದಾರಿಗೆ ಹೋಗಿ ಬೇರೆ ಬಸ್ಸು ಹಿಡಿದು ಅಲ್ಲಿ ತಲುಪಬೇಕು. ಉಂಡು ಹೊರಟರಾಯಿತೆಂದು ಮಾತಾಗಿತ್ತು. ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ದೂರ ಹೋಗುವವರಿಗೆಂದು ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ, ಅದು ಬೆಂದು, ಅವರು ಉಣ್ಣುವವರೆಗೆ ಹೊಸ್ತಿಲು ದಾಟುವಂತಿಲ್ಲ. ಅಜ್ಜಿ ಇದರಲ್ಲಿ ಬಹಳ ಬಿಗಿ. ಅಜ್ಜ ಒಮ್ಮೆ ಹಾಗೆ ದಾಟಿ ಕಡಲಿಗೆ ಹೋದವರು ಬರಿಗೈಯಲ್ಲಿ, ದೋಣಿಯ ಒಂದು ಹುಟ್ಟನ್ನೂ ಕಳೆದುಕೊಂಡು ಬಂದಿದ್ದರಂತೆ.

ಬೆಳಿಗ್ಗೆ ಅಬ್ಬಿ, ಕೋಳಿ ಸಾರು ಮತ್ತು ಕೊಟ್ಟೆ ಕಡುಬು ಎಂದಳು. ಅಜ್ಜಿ ಹಲಸಿನ ಎಲೆ ಚುಚ್ಚಿ ಕೊಟ್ಟೆ ಕಟ್ಟಲು ಕೂತಳು. ಕೋಳಿಯನ್ನು ಹಿಂದಿನ ರಾತ್ರಿಯೇ ಬುಟ್ಟಿಯಡಿ ಹಾಕಿಡುವುದು ಎಲ್ಲರೂ ಮಾಡುವ ಕೆಲಸ. ಅಬ್ಬಿ ಅವತ್ತು ಹಾಕಿರಲಿಲ್ಲ. ಹುಂಜ ಬೆಳಿಗ್ಗೆ ಬಾಳೆಗಿಡಗಳ ನಡುವೆ ನುಗ್ಗಿ, ಅಲ್ಲಿಂದ ದೋಣಿಯ ಮಡಲಿನೊಳಗೆ ಹೊಕ್ಕಿತು. ಇಸ್ತ್ರಿ ಪ್ಯಾಂಟು ಹಾಕಿ ತಯಾರಾಗಿದ್ದ ಚಿಕ್ಕಪ್ಪ ಅದನ್ನು ಮೊಣಕಾಲಿನವರೆಗೆ ಮಡಚಿ ಮಳೆಯಲ್ಲೇ ಓಡಿದರು.

"ಏ, ಆ ಬದಿಂದ ಬಾ! ಆ ಬದಿಂದ! ಅಯ್ಯೊ, ನಿನ್ ಕಾಲಡಿಗೇ ಹೋಯ್ತಲೆ ಮಾರಾಯ!" ಅಪ್ಪಯ್ಯ ದೋಣಿಯ ಮೇಲೆ ನಿಂತು ಕೂಗುತ್ತಿದ್ದರು.

"ಬೊಂಬಾಯಂಗೆ ಕೋಳಿ ಓಡ್ತಿಲ್ಯಾ ಕಾಂತ್!" ಅಜ್ಜಿ ಒಳಗಿಂದ ಅಂದಳು.

ಹುಂಜ ಸಿಕ್ಕಿದಾಗ ಬೆಳಗಿನ ಹೊತ್ತು ಬಹಳ ಕಳೆದಿತ್ತು. ಆಮೇಲೆ ಮಸಾಲೆ ಹುರಿಯುವುದು, ಕಾಯಿ ತುರಿಯುವುದು, ಕಲ್ಲಿನಲ್ಲಿ ಅರೆಯುವುದು. ಚಿಕ್ಕಮ್ಮ ಸಹಾಯಕ್ಕೆ ಬಂದರೆ ಅಬ್ಬಿ "ನೀ ಕೂಕೋ ಹೆಣೆ, ಹೋಪಾರ್ ಕೈ ಮಸಿ ಮಾಡ್ಕಂಬುದ್ ಬ್ಯಾಡ" ಎಂದಳು. ರಾತ್ರಿ ಅರೆದಿಟ್ಟ ಕಡುಬಿನ ಹಿಟ್ಟು ಚಳಿಗೆ ಉಬ್ಬಿರಲಿಲ್ಲ. ಅಬ್ಬಿ ಅದನ್ನು ಒಲೆಯ ಬದಿಗೆ ಇಟ್ಟು ಕಾದಳು. ಬೆಂಕಿ ಹೊಗೆಯಾಡಿತು. ಅಬ್ಬಿ ಊದಿದಳು. ಚಿಕ್ಕಪ್ಪ ಕೈಗಡಿಯಾರ ನೋಡಿ ಒಮ್ಮೆ ಬಾಗಿಲಿಗೆ ಬಂದರು, ಸ್ವಲ್ಪ ಬಿಟ್ಟು ಮತ್ತೊಮ್ಮೆ ಬಂದರು.

"ಅತ್ಗೆ, ಆಯ್ತಾ?"

"ಈಗ ಆತ್ತ್. ಕಡುಬ್ ಬೇಯ್ಕಲೆ."

"ಅನ್ನ ಸಾಕಿತ್ತಪ್ಪ!"

"ಹೆಣ್ಣಿಗ್ ಕಡುಬ್ ಇಷ್ಟ."

ಒಲೆಯ ಮೇಲೆ ಕಡುಬಿನ ಪಾತ್ರೆಯಿತ್ತು, ಹೊಸ್ತಿಲಲ್ಲಿ ಅಜ್ಜಿ ಕೂತಿದ್ದಳು. ಯಾರಿಗೂ ದಾಟಲಾಗಲಿಲ್ಲ. ಬೈಂದೂರಿನಲ್ಲಿ ಬಸ್ಸು ಬರುವ ಹೊತ್ತು ಬಂತು, ಹೋಯಿತು.

ಇವತ್ತು ಬಸಳೆ ಬೇಯುತ್ತಿರುವಾಗ ತಡೆಯಲಾಗದೆ ಅಬ್ಬಿಗೆ ಫೋನು ಮಾಡಿದೆ. ಅವಳು ಅದೇ ಮನೆಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ಮೊಮ್ಮಗನಿಗೆ ಹೋಮ್‌ವರ್ಕ್ ಮಾಡಿಸುತ್ತೇನೆಂದು ಕೂರಿಸಿಕೊಂಡು ತಾನೇ ಧಾರಾವಾಹಿ ನೋಡುತ್ತಿದ್ದಳು.

"ಅಬ್ಬಿ, ಅವತ್ತ್ ನೀ ಬೇಕಂದೇ ತಡ ಮಾಡಿದ್ಯಾ?"

"ಯಾವತ್ತ್?"

"ಬೊಂಬಾಯಿ ಬಸ್ ತಪ್ಪಿದ್ ದಿನ."

"ಎಂತ ಬೇಕಂದ್? ಸೌದಿ ಹಸಿ ಇದ್ದಿತ್ತ್ ಮಾರಾಯ್ತಿ. ಹೊತ್ಕಣ್ಕಲ್ದಾ?"

"ಸಿಟ್ಟ್ ಬಂದಿರ್ಲಿಲ್ಯಾ ನಿಂಗೆ?"

"ಈಗೆಂತಕ್ ಅದೆಲ್ಲ? ಅವತ್ ಕೋಳಿ ಚಂದ ಆಯಿತ್ತ್. ನಿಮ್ಮಲ್ಲ್ ಇವತ್ ಎಂತ ಪದಾರ್ಥ?"

ಬಸಳೆ ಅಂದೆ. ಅದಕ್ಕೆ ಹುರುಳಿ ಹಾಕು ಅಂದಳು. ಅಷ್ಟೇ. ಸೌದೆ ಹಸಿಯಿದ್ದದ್ದು ನಿಜ. ಆದರೆ ನಡುವಿನ ಕೋಣೆಯ ಅಟ್ಟದಲ್ಲಿ ಒಣಗಿದ ತೆಂಗಿನ ಗೆರಟೆ ರಾಶಿಯಿದ್ದದ್ದೂ ನಿಜ. ಅವಳಿಗೆ ಅವತ್ತು ಅದು ನೆನಪಾಗಲಿಲ್ಲವೋ, ನೆನಪು ಮಾಡಿಕೊಳ್ಳಲಿಲ್ಲವೋ, ಕೇಳುವುದು ಯಾರನ್ನು?

ಬಸ್ಸು ತಪ್ಪಿದ್ದು ಖಾತ್ರಿಯಾದಾಗ ಮೊದಲು ಕೂಗಾಡಿದವರು ಚಿಕ್ಕಪ್ಪ. ಕ್ಯಾಂಟೀನು, ರಜೆ, ಟಿಕೇಟು ಎಂದೆಲ್ಲ ಹೇಳಿ ಚಾವಡಿಯ ಕಂಬಕ್ಕೆ ಕೈ ಬಡಿದರು. ಅಪ್ಪಯ್ಯನೂ ಸೇರಿಕೊಂಡರು. ಅಣ್ಣ ತಮ್ಮಂದಿರಿಬ್ಬರೂ ಒಬ್ಬರಿಗೊಬ್ಬರು ಬೈದುಕೊಂಡರೇ ಹೊರತು ಅಡುಗೆಮನೆಯ ಕಡೆ ಯಾರ ದನಿಯೂ ತಿರುಗಲಿಲ್ಲ. ಫ್ಯೂರಿಯಸ್ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ, ಗಾಳಿ ಬಂದಿದೆ, ಹೋಗುತ್ತದೆ. ಆಗ ಚಿಕ್ಕಮ್ಮನ ಮುಖ ಕಂಡಿತು. ಬೊಂಬಾಯಿಯ ಸೀರೆ ಉಟ್ಟು, ಪೌಡರು ಹಾಕಿ ತಯಾರಾಗಿದ್ದವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖಕ್ಕೆ ಬಣ್ಣವೇ ಇರಲಿಲ್ಲ, ಬೂದಿ ಬೂದಿಯಾಗಿತ್ತು. ಅವಳೇ ಹೇಳಿಕೊಟ್ಟ ಬಣ್ಣ ಅದು. ಆದರೆ ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅವಳು ಹೊಗೆಯೊಳಗೆ ಹೋಗಿ, ಸೀರೆ ಮುದುಡುವುದನ್ನೂ ನೋಡದೆ ಅಬ್ಬಿಯ ಪಕ್ಕ ಕುಕ್ಕರಿಸಿದಳು. ನಾನು ಅವಳ ಬೆನ್ನ ಹಿಂದೆಯೇ ಹೋಗಿದ್ದೆ.

"ಅಕ್ಕ, ಒಂದ್ ಮಾತ್ ಹೇಳಿ. ಹೆಣ್ ಕಳ್ಸೂಕ್ ನಿಮ್ಗ್ ಮನ್ಸಿಲ್ಯಾ?"

ಅಬ್ಬಿ ಕಡುಬಿನ ಪಾತ್ರೆಯ ಮುಚ್ಚಳ ತೆಗೆದು, ಹಬೆ ನೋಡಿ, ಮತ್ತೆ ಮುಚ್ಚಿದಳು.

"ಈಗ ಕೇಂಡ್ಯಾ?"

ಬಾಗಿಲಿಗೆ ಬಂದು ನಿಂತಿದ್ದ ಅಪ್ಪಯ್ಯ ಹೇಳಿದರು.

"ಅವತ್ತೇ ನಿನ್ ಎದ್ರಿಗೇ ಹೇಳಿದ್ನಲ್ಲ!"

"ಹೇಳಿದ್ರಿ," ಅಂದಳು ಅಬ್ಬಿ. "ಕೇಣ್ಲಿಲ್ಲೆ."

ಅಪ್ಪಯ್ಯನ ಹಿಂದೆ ನಿಂತಿದ್ದ ಚಿಕ್ಕಪ್ಪ ದನಿ ಇಳಿಸಿ ಕೇಳಿದರು.

"ಈಗ ಕೇಂತೆ ಅತ್ಗೆ. ಹೌದಾ, ಅಲ್ದಾ? ಎಂತ ಇದ್ರೂ ಹೇಳಿ."

"ನನ್ನೆಂತ ಕೇಂತ್ರಿ? ಹೋಪುದ್ ಅದ್. ಅದ್ರ್ ಹತ್ರ ಕೇಣಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹೊಸ್ತಿಲಲ್ಲಿದ್ದ ಅಜ್ಜಿಯೂ ತಿರುಗಿದಳು. ಅಷ್ಟು ದಿನ ನನ್ನ ಹತ್ತಿರ ಯಾರೂ ಏನೂ ಕೇಳಿರಲಿಲ್ಲ, ನನಗೆ ಅದು ತಪ್ಪು ಎಂದು ಹೊಳೆದೂ ಇರಲಿಲ್ಲ. ಅಬ್ಬಿ ಮಾತ್ರ ನನ್ನನ್ನು ನೋಡಲಿಲ್ಲ, ಬೆಂಕಿ ನೋಡುತ್ತಿದ್ದಳು. ನಾನು ಕೇಳಿದೆ.

"ನಿಂಗ್ ಯಾರ್ ಮೇಲ್ ಸಿಟ್ಟ್ ಅಬ್ಬಿ?"

"ನಿನ್ ಮೇಲಲ್ಲ."

"ನಾ ಹೋತಿಲ್ಲೆ," ಅಂದೆ.

ಹೇಳಿದ್ದು ನನ್ನ ಬಾಯಿಯೇ. ಆದರೆ ಅದು ನನ್ನ ಮನಸ್ಸೋ, ಅಬ್ಬಿಯ ಮನಸ್ಸು ಅದೇ ಇರಬೇಕೆಂದು ಊಹಿಸಿ ಆಡಿದ ಮಾತೋ, ಇಷ್ಟು ವರ್ಷ ತಿರುಗಿಸಿ ತಿರುಗಿಸಿ ನೋಡಿದರೂ ನನಗೆ ಗೊತ್ತಾಗುವುದಿಲ್ಲ. ಅಬ್ಬಿ ನಗಲಿಲ್ಲ, ನನ್ನನ್ನು ಹತ್ತಿರ ಎಳೆದುಕೊಳ್ಳಲೂ ಇಲ್ಲ. ಹೋಗುತ್ತೇನೆ ಅಂದಿದ್ದರೆ ಆಗಲೂ ಹಾಗೇ ಕೂತಿರುತ್ತಿದ್ದಳೋ ಏನೋ. ಅವಳಿಗೆ ಬೇಕಾಗಿದ್ದದ್ದು ನಾನು ಉಳಿಯುವುದೋ, ಯಾರಾದರೂ ಒಮ್ಮೆ ಕೇಳುವುದೋ? ಎರಡೂ ಒಂದೇ ಎಂದು ಕೆಲವು ದಿನ ಅನಿಸುತ್ತದೆ, ಕೆಲವು ದಿನ ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುತ್ತದೆ. ಚಿಕ್ಕಮ್ಮ ಹೇಳಿಕೊಡದೆ ಬಿಟ್ಟ ಇಂಡಿಗ್ನೇಶನ್ ಎಂಬ ಶಬ್ದವನ್ನು ಆಮೇಲೆ ನಾನೇ ಕೇಳಿ ತಿಳಿದುಕೊಂಡೆ. ಅದು ಅಬ್ಬಿಗೆ ಸುಮಾರಾಗಿ ಹೊಂದುತ್ತದೆ. ಆದರೆ ಆ ಶಬ್ದದಲ್ಲಿ ಹಾಲ್ಬಾಯಿ ಇಲ್ಲ, ನನಗಿಷ್ಟವೆಂದು ಮಾಡಿದ ಪತ್ರೊಡೆ ಇಲ್ಲ. ಸಿಟ್ಟು ಅಷ್ಟು ಸಿಹಿ ಕಾಸುತ್ತದೆಯೇ? ದುಃಖ ಅಷ್ಟು ಹೊತ್ತು ಬಸ್ಸನ್ನು ತಡೆದು ನಿಲ್ಲಿಸುತ್ತದೆಯೇ?

ಮೊದಲು ಎದ್ದವಳು ಚಿಕ್ಕಮ್ಮ. ಕಣ್ಣೊರೆಸಿಕೊಂಡಳು, ಅದು ಹೊಗೆಗೆಂದು ನಾವೆಲ್ಲ ಅಂದುಕೊಂಡೆವು. ಒಳಗೆ ಹೋಗಿ ನನ್ನ ಎರಡು ಲಂಗ, ಶಾಲೆಯ ಅಂಗಿ, ಬಾಚಣಿಗೆಗಳನ್ನು ತನ್ನ ಸೂಟ್‌ಕೇಸಿನಿಂದ ತೆಗೆದು, ಮಡಿಕೆ ಕೆಡದಂತೆ ಅಜ್ಜಿಯ ಹಾಸಿಗೆಯ ಮೇಲಿಟ್ಟಳು. ಬೊಂಬಾಯಿಯ ಸೀರೆ ಬಿಚ್ಚಿ ಅಬ್ಬಿಯದೊಂದು ಹಳೆಯ ಸೀರೆ ಸುತ್ತಿಕೊಂಡು ಬಂದು, "ಬಡ್ಸಿ ಅಕ್ಕ, ಹಸ್ವಿಂದ ಸತ್ತೇ ಹೋತೆ ಈಗ" ಅಂದಳು. ಕಡುಬು ಬೆಂದಿತ್ತು.

ಕೋಳಿ ಸಾರು, ಕೊಟ್ಟೆ ಕಡುಬು, ನಂಜಿಕೊಳ್ಳಲು ಈರುಳ್ಳಿ. ಎಲ್ಲರೂ ಅಡುಗೆಮನೆಯಲ್ಲೇ ಒಲೆಯ ಸುತ್ತ ಕೂತು, ಬಟ್ಟಲುಗಳಲ್ಲಿ ಉಂಡರು. ಅಪ್ಪಯ್ಯ ಇನ್ನೊಂದು, ಇನ್ನೊಂದು ಎಂದು ಕಡುಬು ಹಾಕಿಸಿಕೊಂಡರು. ಚಿಕ್ಕಪ್ಪ ಕೋಳಿಯ ಕಾಲನ್ನು ಕಡಿಯುತ್ತ, "ಇದ್ರ್ ಹಿಂದ್ ಓಡಿದ್ದಕ್ಕಾರೂ ತಿನ್ಕಲೆ" ಅಂದರು. ಅಬ್ಬಿಯೂ ನಮ್ಮ ಜೊತೆಗೇ ಕೂತು ಉಂಡಳು. ದೀಪ ಹಚ್ಚುವ ಹೊತ್ತಿಗೆ ಮಳೆ ಜೋರಾಯಿತು, ರಾತ್ರಿಗೆ ಮತ್ತೆ ಅದೇ ಕಡುಬು, ಅದೇ ಸಾರಿನ ಅಡಿಯ ಗಟ್ಟಿ. ಎಲ್ಲರಿಗಿಂತ ಮೊದಲು ಮಲಗಿದವಳು ಅಬ್ಬಿ. ಪಾತ್ರೆ ತೊಳೆದಿರಲಿಲ್ಲ, ಒಲೆಯ ಬೂದಿ ತೆಗೆದಿರಲಿಲ್ಲ, ತಮ್ಮನಿಗೆ ಹಾಲು ಕೊಟ್ಟಿರಲಿಲ್ಲ. ಮಣೆಗೆ ತಲೆ ಕೊಟ್ಟು ಒರಗಿದವಳು ಹಾಗೇ ನಿದ್ದೆಹೋದಳು. ಅಪ್ಪಯ್ಯ ಎಬ್ಬಿಸಲು ಹೋದರು. ಚಿಕ್ಕಮ್ಮ ಬೇಡವೆಂದು ಕೈಸನ್ನೆ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತ್ರೆಗಳನ್ನು ಬಚ್ಚಲಿಗೆ ಹೊತ್ತಳು.